ಅರ್ಧ ಎಚ್‌ಪಿ ಮಾರ್ಟಿಸ್ ಮಶೀನು: ಕಿರುಚುವುದು ಯಾಕೆ, ಕಾಯುವುದು ಯಾಕೆ

ವಾಸ್ಕಲ್ ಪೂಜೆಗೆ ದಿನ ಗೊತ್ತಾದ ಮೇಲೆ ಚೌಕಟ್ಟಿನ ಕೆಲಸ ನಿಲ್ಲುವಂತಿಲ್ಲ. ಐದು-ಮೂರರ (5 ಇಂಚು ಅಗಲ, 3 ಇಂಚು ದಪ್ಪ) ತೇಗದಲ್ಲೋ ಹೊನ್ನೆಯಲ್ಲೋ ಅರ್ಧ ಇಂಚಿನ ಚೌಕ ತೂತುಗಳನ್ನು ಸಾಲಾಗಿ ತೆಗೆಯಲು ಉಳಿ ಕೊಡತಿ ಹಿಡಿದು ಕೂತರೆ ಅರ್ಧ ದಿನ ಹೋಗುತ್ತದೆ. ಅದಕ್ಕೇ ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ ಸುತ್ತಲಿನಂಥ ಸಣ್ಣ ಮರಗೆಲಸದ ಶೆಡ್ಡುಗಳಿಗೆ ಬೆಂಚಿನ ಮೇಲೆ ಕೂರಿಸುವ ಅರ್ಧ ಎಚ್‌ಪಿ ಮಾರ್ಟಿಸ್ ಮಶೀನು ಒಳ್ಳೆಯ ಆಸರೆ. ಮಾರುಕಟ್ಟೆಯಲ್ಲಿ ಸಿಗುವ ಇಂಥ ಮಶೀನುಗಳ ಎರಕದ ಮೈ ಹೆಚ್ಚುಕಮ್ಮಿ ಒಂದೇ ತರಹ. ಬಣ್ಣ ಬೇರೆ, ಅಂಟಿಸಿದ ಹೆಸರು ಬೇರೆ. ಹಾಗಾಗಿ ಒಂದು ಬ್ರ್ಯಾಂಡ್ ಹಿಡಿದು ಹೇಳುವುದಕ್ಕಿಂತ ಈ ಜಾತಿಯ ಮಶೀನಿನ ಗುಣ ದೋಷ ಹೇಳುವುದೇ ಕೊಳ್ಳುವವರಿಗೆ ಹೆಚ್ಚು ಉಪಯೋಗ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಇದು ಕೊಳ್ಳಬಹುದಾದ ಮಶೀನು. ಆದರೆ ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಕೆಲಸಕ್ಕೆ ಹಚ್ಚಿದರೆ ಕಿರುಚುತ್ತದೆ, ಕಾಯುತ್ತದೆ, ತೂತಿನಿಂದ ಹೊಗೆ ಬರುತ್ತದೆ. ಆಗ ಎಲ್ಲರ ಕಣ್ಣು ಹೋಗುವುದು ಮೋಟಾರಿನ ಮೇಲೆ. ಮೋಟಾರನ್ನು ಬಿಚ್ಚಿ ವೈಂಡಿಂಗ್ ಅಂಗಡಿಗೆ ಒಯ್ಯುವ ಮುಂಚೆ ಅದರ ಕೆಳಗೆ ಕಟ್ಟಿರುವ ಬಿಟ್ಟನ್ನೂ ಚಿಸೆಲನ್ನೂ ನೋಡಿ. ಈ ಮಶೀನಿನ ಸದ್ದು ಮತ್ತು ಕಾವಿನ ದೂರುಗಳಲ್ಲಿ ದೊಡ್ಡ ಪಾಲು ಅಲ್ಲಿಯೇ ಹುಟ್ಟುತ್ತದೆ, ಅಲ್ಲಿಯೇ ಖರ್ಚಿಲ್ಲದೆ ಮುಗಿಯುತ್ತದೆ.

ರಚನೆ ಸರಳ. ಮೋಟಾರು ನೆಟ್ಟಗೆ ನಿಂತಿರುತ್ತದೆ, ಅದರ ಶಾಫ್ಟಿಗೇ ಡ್ರಿಲ್ ಚಕ್ ಕಟ್ಟಿರುತ್ತದೆ. ನಡುವೆ ಬೆಲ್ಟೂ ಇಲ್ಲ, ಗಿಯರೂ ಇಲ್ಲ. ಚಕ್ಕಿನಲ್ಲಿ ತಿರುಗುವ ಬಿಟ್. ಅದರ ಸುತ್ತ ತಿರುಗದೆ ನಿಲ್ಲುವ, ಒಳಗೆ ಪೊಳ್ಳಾದ ಚೌಕ ಚಿಸೆಲ್. ಬಿಟ್ ದುಂಡಗೆ ಕೊರೆಯುತ್ತದೆ, ಚಿಸೆಲ್ ನಾಲ್ಕು ಮೂಲೆ ಕತ್ತರಿಸುತ್ತದೆ, ಚಕ್ಕೆ ಪೊಳ್ಳಿನೊಳಗೆ ಮೇಲೇರಿ ಪಕ್ಕದ ಕಿಂಡಿಯಿಂದ ಹೊರಬೀಳುತ್ತದೆ. ಉಕ್ಕಿನ ಒಳಗೆ ಉಕ್ಕು ತಿರುಗುವ ಈ ಜಾಗದಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಸದ್ದು ಬೀದಿಗೆ ಕೇಳುತ್ತದೆ.

ಸದ್ದು ಎಲ್ಲಿಯದೆಂದು ಪತ್ತೆ ಮಾಡಲು ಒಂದು ಕ್ರಮ ಇದೆ, ಹತ್ತು ನಿಮಿಷದ ಕೆಲಸ. ಮೊದಲು ಚಿಸೆಲ್, ಬಿಟ್ ಎರಡನ್ನೂ ತೆಗೆದು ಬರೀ ಮೋಟಾರನ್ನು ಓಡಿಸಿ. ಇಲ್ಲಿಯೇ ಸದ್ದು ಇದ್ದರೆ ಮೋಟಾರಿನದ್ದು. ಇಲ್ಲದಿದ್ದರೆ ಬಿಟ್ ಮಾತ್ರ ಕಟ್ಟಿ ಓಡಿಸಿ, ತುದಿ ಓಲಾಡುತ್ತದೆಯೇ ನೋಡಿ. ಓಲಾಡಿದರೆ ಬಿಟ್ ಬಾಗಿದೆ, ಇಲ್ಲವೇ ಚಕ್ ಸರಿಯಾಗಿ ಹಿಡಿದಿಲ್ಲ. ಚಕ್ಕಿನ ಕೀಲಿಯನ್ನು ಮೂರೂ ತೂತುಗಳಲ್ಲಿ ಹಾಕಿ ಬಿಗಿ ಮಾಡಬೇಕು. ಒಂದರಲ್ಲೇ ಬಿಗಿ ಮಾಡಿ ಬಿಟ್ಟರೆ ಬಿಟ್ ಒಂದು ಪಕ್ಕಕ್ಕೆ ವಾಲಿ ಕೂರುತ್ತದೆ. ಮೂರನೆಯದು, ಚಿಸೆಲ್ ಕೂಡ ಕಟ್ಟಿ ಗಾಳಿಯಲ್ಲೇ ಓಡಿಸುವುದು. ಈ ಹಂತದಲ್ಲಿ ತೆಳುವಾದ ಸರಸರ ಸದ್ದು ಇದ್ದರೆ ಚಿಂತೆಯಿಲ್ಲ, ಕಿರ್ರೆಂದು ಕಿರುಚಿದರೆ ಬಿಟ್ ಚಿಸೆಲ್ಲಿಗೆ ಉಜ್ಜುತ್ತಿದೆ ಎಂದೇ ಅರ್ಥ. ಇಷ್ಟರಲ್ಲೆಲ್ಲ ಸುಮ್ಮನಿದ್ದು ಮರಕ್ಕೆ ಇಳಿಸಿದಾಗ ಮಾತ್ರ ಗಲಾಟೆ ಮಾಡಿದರೆ ಸಾಣೆ, ಚಕ್ಕೆ, ಜಾರುಪಟ್ಟಿ (ಮಶೀನಿನ ತಲೆ ಮೇಲೆ ಕೆಳಗೆ ಜಾರುವ ಜಾಗದ ಲೋಹದ ಪಟ್ಟಿ) ಈ ಮೂರರಲ್ಲಿ ಒಂದು. ಬಿಟ್ ಬದಲಿಸುವಾಗ ಪ್ಲಗ್ ಕಿತ್ತಿರಲಿ, ಸ್ವಿಚ್ ಆರಿಸಿದರೆ ಸಾಲದು.

ಈಗ ಬಿಟ್ ಮತ್ತು ಚಿಸೆಲ್ಲಿನ ನಡುವಿನ ಸಂದಿ. ಮಶೀನಿನ ಜೊತೆ ಬರುವ ಕೈಪಿಡಿಯಲ್ಲಿ ಇದು ಒಂದು ಸಾಲಿನಲ್ಲಿ ಮುಗಿದಿರುತ್ತದೆ. ಈ ಮಶೀನಿನ ಜೀವವೇ ಇದು, ಹತ್ತು ಸಾಲು ಬರೆಯಬೇಕಿತ್ತು. ಬಿಟ್ಟಿನ ಕತ್ತರಿಸುವ ತುಟಿ ಚಿಸೆಲ್ಲಿನ ತುದಿಗಿಂತ ಒಂದೂವರೆಯಿಂದ 3 ಮಿ.ಮೀ. ಕೆಳಗಿರಬೇಕು. ಅದಕ್ಕಿಂತ ಕಮ್ಮಿಯಾದರೆ ಬಿಟ್ಟಿನ ಅಗಲವಾದ ತಲೆ ಚಿಸೆಲ್ಲಿನ ಒಳ ಅಂಚಿಗೆ ತಾಗಿ ಕಿರುಚುತ್ತದೆ, ನಿಮಿಷದೊಳಗೆ ಎರಡೂ ಕಾಯುತ್ತವೆ. ಹೆಚ್ಚಾದರೆ ಸದ್ದಿಲ್ಲ, ಆದರೆ ಚಿಸೆಲ್ ಬರುವ ಮೊದಲೇ ದೊಡ್ಡ ಚಕ್ಕೆ ಎದ್ದು ಪೊಳ್ಳಿನಲ್ಲಿ ಸಿಕ್ಕಿಕೊಳ್ಳುತ್ತದೆ, ತೂತಿನ ತಳವೂ ಗುಂಡಿ ಗುಂಡಿಯಾಗುತ್ತದೆ. ಮೆದುವಾದ ಸಿಲ್ವರ್ ಓಕ್, ಹೆಬ್ಬೇವಿಗೆ ಸಂದಿ ಸ್ವಲ್ಪ ಜಾಸ್ತಿ ಇಡಿ, ಚಕ್ಕೆ ದಪ್ಪ ಬರುತ್ತದೆ. ಗಟ್ಟಿ ಮರಕ್ಕೆ ಒಂದೂವರೆ ಮಿ.ಮೀ. ಸಾಕು.

ಕೂರಿಸುವ ರೀತಿ ಹೀಗೆ. ಚಿಸೆಲನ್ನು ಬುಷ್ಷಿನೊಳಗೆ, ಅಂದರೆ ಅದು ಕೂರುವ ಬಳೆಯೊಳಗೆ, ಪೂರ್ತಿ ಮೇಲಕ್ಕೆ ಏರಿಸಬೇಡಿ. ಅದರ ಭುಜಕ್ಕೂ ಮಶೀನಿನ ತಲೆಗೂ ನಡುವೆ ಒಂದು ನಾಣ್ಯ ಅಡ್ಡ ಇಟ್ಟು, ಚಿಸೆಲ್ ಸ್ಕ್ರೂ ಹಗುರವಾಗಿ ಬಿಗಿ ಮಾಡಿ. ಬಿಟ್ಟನ್ನು ಕೆಳಗಿನಿಂದ ಚಿಸೆಲ್ಲಿಗೆ ತಾಗುವವರೆಗೂ ಮೇಲಕ್ಕೆ ಒತ್ತಿ ಹಿಡಿದು ಚಕ್ ಬಿಗಿ ಮಾಡಿ. ಆಮೇಲೆ ಚಿಸೆಲ್ ಸ್ಕ್ರೂ ಸಡಿಲಿಸಿ, ನಾಣ್ಯ ತೆಗೆದು, ಭುಜ ತಲೆಗೆ ಕಚ್ಚಿ ಕೂರುವಂತೆ ಚಿಸೆಲನ್ನು ಮೇಲಕ್ಕೆ ಒತ್ತಿ. ನಾಣ್ಯದ ದಪ್ಪವೇ ಸಂದಿಯಾಯಿತು. ಸ್ಕ್ರೂ ಕೊನೆಯದಾಗಿ ಬಿಗಿ ಮಾಡುವ ಮುಂಚೆ ಮೂಲೆಮಟ್ಟವನ್ನು ಬೇಲಿಗೆ, ಅಂದರೆ ಮರ ಒರಗುವ ಹಿಂದಿನ ಪಟ್ಟಿಗೆ ಒತ್ತಿ ಹಿಡಿದು ಚಿಸೆಲ್ಲಿನ ಪಕ್ಕ ಅದಕ್ಕೆ ನೇರ ಇದೆಯೇ ನೋಡಿ. ಕೂದಲೆಳೆ ತಿರುಗಿದ್ದರೂ ಸಾಲಿನ ತೂತುಗಳ ಗೋಡೆ ಗರಗಸದ ಹಲ್ಲಿನಂತೆ ಏರುಪೇರಾಗುತ್ತದೆ. ಚಕ್ಕೆ ಬೀಳುವ ಕಿಂಡಿ ತೂತು ಸಾಗುವ ದಿಕ್ಕಿನಲ್ಲಿ, ಆಗಲೇ ಕೊರೆದ ಕಡೆಗೆ ಮುಖ ಮಾಡಿರಲಿ. ಬೇಲಿಯ ಕಡೆಗೆ ತಿರುಗಿಸಿದರೆ ಚಕ್ಕೆಗೆ ಹೋಗಲು ಜಾಗವಿಲ್ಲ.

ಸಂದಿ ಸರಿಯಿದ್ದೂ ಹೊಸ ಚಿಸೆಲ್ ಕಿರುಚುತ್ತದೆ ಎನ್ನುವವರು ಅದರ ಪೊಳ್ಳಿನೊಳಗೆ ಬೆಳಕು ಬಿಟ್ಟು ನೋಡಿ. ಕಡಿಮೆ ಬೆಲೆಯ ಸೆಟ್ಟುಗಳಲ್ಲಿ ಒಳಮೈ ಒರಟಾಗಿ, ಕಿಂಡಿಯ ಅಂಚಿನಲ್ಲಿ ಉಕ್ಕಿನ ಮುಳ್ಳು ಹಾಗೇ ಉಳಿದಿರುತ್ತದೆ. ಸಣ್ಣ ಕಡ್ಡಿಗೆ 320 ನಂಬರಿನ ಎಮರಿ ಕಾಗದ ಸುತ್ತಿ ಒಳಗೆ ಉಜ್ಜಿ, ಕಿಂಡಿಯ ಅಂಚನ್ನು ಸಣ್ಣ ಅರದಿಂದ ಸವರಿ. ಜೊತೆಗೆ ಬರುವ ಚಿಸೆಲ್ ಸೆಟ್ಟೇ ಈ ಮಶೀನಿನ ಅತ್ಯಂತ ಬಡ ಭಾಗ. ನಿಜವಾಗಿ ಬಳಸುವ ಅಳತೆಯ ಒಂದು ಅಥವಾ ಎರಡು ಒಳ್ಳೆ ಚಿಸೆಲ್ ಬೇರೆ ಕೊಳ್ಳಲು ಹಣ ಎತ್ತಿಟ್ಟುಕೊಂಡೇ ಮಶೀನು ಕೊಳ್ಳಿ. ಕೊಳ್ಳುವಾಗ ಬುಷ್ಷಿನ ಅಳತೆ ನೋಡಿಕೊಳ್ಳಿ. ಚಿಸೆಲ್ಲಿನ ಹಿಡಿಕೆ ಭಾಗ ಕೆಲವಕ್ಕೆ 5/8 ಇಂಚು, ಕೆಲವಕ್ಕೆ 3/4 ಇಂಚು.

ಸಾಣೆ ಇಲ್ಲದ ಚಿಸೆಲ್ ಎಷ್ಟು ಕಷ್ಟ ಕೊಡುತ್ತದೆ ಎಂಬುದನ್ನು ಕೈ ಹಿಡಿಯಲ್ಲೇ ತಿಳಿಯಬಹುದು. ಅರ್ಧ ಇಂಚಿನ ಚಿಸೆಲ್ ತೇಗದಲ್ಲಿ ಇಳಿಯಲು ಹಿಡಿಗೆ ಜೋತುಬೀಳಬೇಕಾಗಿ ಬಂದರೆ ಸಾಣೆ ಹೋಗಿದೆ. ತೇಗದಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಅಂಚು ಬೇಗ ಮೊಂಡಾಗುತ್ತದೆ. ಚಿಸೆಲ್ಲಿಗೆ ಸಾಣೆ ಒಳಗಿನಿಂದ, ಶಂಕುವಿನಾಕಾರದ ರೀಮರ್ ಹಾಕಿ ಕೈಯಿಂದ ನಾಲ್ಕೈದು ಸುತ್ತು. ನಾಲ್ಕು ಮೂಲೆಯೂ ಹೊಳೆಯುವವರೆಗೆ ಸಾಕು. ಹೊರಮೈಯನ್ನು ಸಾಣೆಕಲ್ಲಿನ ಮೇಲೆ ಮಟ್ಟಸವಾಗಿ ಎರಡು ಸಲ ಎಳೆದು ಮುಳ್ಳು ತೆಗೆಯಿರಿ, ಅದಕ್ಕಿಂತ ಹೆಚ್ಚು ಬೇಡ. ಹೊರಗೆ ಸವೆಸಿದರೆ ಅಳತೆ ಕಮ್ಮಿಯಾಗಿ ಚಿಸೆಲ್ ತೂತಿನಲ್ಲಿ ಕಚ್ಚಿಕೊಳ್ಳುತ್ತದೆ. ಬಿಟ್ಟಿಗೂ ಇದೇ ನಿಯಮ. ತುಟಿಯನ್ನೂ ಅಂಚಿನ ಮೊನೆಯನ್ನೂ ಸಣ್ಣ ಅರದಿಂದ ಒಳಗಡೆ ಮಾತ್ರ ಸವರಬೇಕು. ಮೊನೆಯ ಹೊರಮೈ ಮುಟ್ಟಿದರೆ ಬಿಟ್ಟಿನ ತಲೆ ಕಿರಿದಾಗಿ ಅದರ ಮೈಯೇ ಮರಕ್ಕೆ ಉಜ್ಜತೊಡಗುತ್ತದೆ.

ತುದಿಯ ಬಣ್ಣವೂ ಕಥೆ ಹೇಳುತ್ತದೆ. ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದರೆ ಉಕ್ಕು 220 ಡಿಗ್ರಿ ಆಸುಪಾಸು ಕಂಡಿದೆ, ನೀಲಿಯಾಗಿದ್ದರೆ 300ರ ಹತ್ತಿರ ಹೋಗಿದೆ. ಸಾದಾ ಕಾರ್ಬನ್ ಉಕ್ಕಿನ ಚಿಸೆಲ್ ನೀಲಿಗೆ ತಿರುಗಿದ ಮೇಲೆ ಹದ ಕಳೆದುಕೊಂಡಿರುತ್ತದೆ, ಎಷ್ಟು ಸಾಣೆ ಹಿಡಿದರೂ ನಿಲ್ಲುವುದಿಲ್ಲ. ಕಾದ ಚಿಸೆಲನ್ನು ನೀರಿಗೆ ಅದ್ದುವ ಅಭ್ಯಾಸ ಬಿಡಿ, ಅಂಚು ಸೀಳುತ್ತದೆ.

ಮರದ ಪಾಲೂ ಇದೆ. ಸಾಮಿಲ್ಲಿನಿಂದ ನೇರವಾಗಿ ಬಂದ ಹಸಿ ಹಲಸು, ಬೇವು ಚಕ್ಕೆಯಾಗಿ ಉದುರದೆ ಮುದ್ದೆಯಾಗಿ ಪೊಳ್ಳಿನಲ್ಲಿ ತುಂಬಿಕೊಳ್ಳುತ್ತದೆ. ಹಲಸಿನ ಅಂಟು ಬಿಟ್ಟಿಗೆ ಮೆತ್ತಿದರೆ ಸೀಮೆಎಣ್ಣೆಯಲ್ಲಿ ನೆನೆಸಿ ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ. ಒಣಗಿದ ನೀಲಗಿರಿ ಇನ್ನೊಂದು ತುದಿ: ನಾರು ಹೆಣೆದುಕೊಂಡಿರುತ್ತದೆ, ಬಿಟ್ ಕಾಯುವುದು ಖಂಡಿತ. ಅದಕ್ಕೆ 3/8 ಇಂಚಿನ ಚಿಸೆಲ್ಲಿನಲ್ಲಿ ಎರಡು ಸಾಲು ಹೊಡೆಯುವುದು ಅರ್ಧ ಇಂಚಿನಲ್ಲಿ ಒಂದು ಸಾಲು ಹೊಡೆಯುವುದಕ್ಕಿಂತ ಮಶೀನಿಗೆ ಹಿತ.

ತೂತು ಹೊಡೆಯುವ ಕ್ರಮ ತಪ್ಪಿದರೆ ಎಲ್ಲ ಸರಿ ಮಾಡಿದ್ದೂ ವ್ಯರ್ಥ. ಮೊದಲು ಎರಡೂ ತುದಿ ಹೊಡೆಯಿರಿ. ಆಮೇಲೆ ಒಂದು ಬಿಟ್ಟು ಒಂದು ಹೊಡೆಯುತ್ತಾ ಹೋಗಿ, ನಡುವೆ ಚಿಸೆಲ್ಲಿಗಿಂತ ಸ್ವಲ್ಪ ಕಿರಿದಾದ ಗೋಡೆ ಉಳಿಸಿ. ಅರ್ಧ ಇಂಚಿನ ಚಿಸೆಲ್ಲಾದರೆ 3/8 ಇಂಚಿನ ಗೋಡೆ. ಕೊನೆಗೆ ಆ ಗೋಡೆಗಳನ್ನು ತೆಗೆಯಿರಿ. ಹೀಗೆ ಮಾಡಿದಾಗ ಚಿಸೆಲ್ಲಿಗೆ ಎದುರುಬದುರು ಪಕ್ಕಗಳಲ್ಲಿ ಸಮ ಒತ್ತಡ ಬೀಳುತ್ತದೆ. ಪಕ್ಕ ಪಕ್ಕಕ್ಕೇ ಹೊಡೆದುಕೊಂಡು ಹೋದರೆ ಚಿಸೆಲ್ ಖಾಲಿ ಕಡೆಗೆ ಬಾಗುತ್ತದೆ, ಬಾಗಿದ ಚಿಸೆಲ್ ಒಳಗಿನ ಬಿಟ್ಟನ್ನು ಒತ್ತುತ್ತದೆ, ಅಲ್ಲಿಗೆ ಮತ್ತೆ ಕಿರುಚಾಟ. ಸಣ್ಣ ಚಿಸೆಲ್‌ಗಳು ಸೀಳುವುದೂ ಹೀಗೆಯೇ. ಒಂದೇ ಏಟಿಗೆ 3 ಇಂಚು ಇಳಿಸಬೇಡಿ, ಅರ್ಧದಿಂದ ಮುಕ್ಕಾಲು ಇಂಚು ಇಳಿಸಿ ಎತ್ತಿ, ಚಕ್ಕೆ ಬಿದ್ದ ಮೇಲೆ ಮತ್ತೆ ಇಳಿಸಿ. ಹಾಗೆಂದು ಮೆಲ್ಲಗೆ ಮೆಲ್ಲಗೆ ಒತ್ತುವುದೂ ತಪ್ಪು: ಕತ್ತರಿಸದ ಬಿಟ್ ಸುಮ್ಮನೆ ಉಜ್ಜಿ ಕಾಯುತ್ತದೆ. ಕಿಂಡಿಯಿಂದ ಚಕ್ಕೆ ಎಡೆಬಿಡದೆ ಬೀಳುತ್ತಿರುವುದೇ ಸರಿಯಾದ ವೇಗದ ಗುರುತು, ಪುಡಿ ಬೀಳುತ್ತಿದ್ದರೆ ಅಲ್ಲ. ಮೂರು ಇಂಚು ದಪ್ಪದ ಚೌಕಟ್ಟಿಗೆ ಆರಪಾರ ತೂತು ಬೇಕಿದ್ದರೆ ಎರಡೂ ಕಡೆಯಿಂದ ಗುರುತು ಹಾಕಿ ಅರ್ಧರ್ಧ ಹೊಡೆಯಿರಿ. ಚಿಸೆಲ್ಲಿನ ಹೊರಮೈಗೆ ಮೇಣದ ಬತ್ತಿ ಸವರಿದರೆ ಎತ್ತುವಾಗ ಕಚ್ಚುವುದಿಲ್ಲ. ಎಣ್ಣೆ ಹಚ್ಚಬೇಡಿ, ಕಲೆಯಾದ ಮರ ಪಾಲಿಶ್ ಹೀರುವುದಿಲ್ಲ.

ಗಡಗಡ ನಡುಗುವ ಸದ್ದು ಬೇರೆ ರೋಗ. ತಲೆ ಮೇಲೆ ಕೆಳಗೆ ಜಾರುವ ಜಾಗದಲ್ಲಿ ಒಂದು ತೆಳು ಲೋಹದ ಜಾರುಪಟ್ಟಿ, ಅದನ್ನು ಒತ್ತಿ ಹಿಡಿಯುವ ಮೂರ್ನಾಲ್ಕು ಸ್ಕ್ರೂ, ಮೇಲೆ ಲಾಕ್ ನಟ್ ಇರುತ್ತವೆ. ಅಲುಗಾಟ ಇದ್ದರೆ ಸ್ಕ್ರೂಗಳನ್ನು ಒಂದೊಂದಾಗಿ ತಾಗುವವರೆಗೆ ಬಿಗಿ ಮಾಡಿ, ಸುತ್ತಿನ ಎಂಟನೇ ಒಂದು ಭಾಗ ಹಿಂದಕ್ಕೆ ಬಿಡಿ, ಸ್ಕ್ರೂ ತಿರುಗದಂತೆ ಅಲೆನ್ ಕೀಲಿಯಲ್ಲಿ ಹಿಡಿದುಕೊಂಡು ನಟ್ ಬಿಗಿ ಮಾಡಿ. ಇಲ್ಲಿ ಗ್ರೀಸ್ ಬೇಡ, ಹೊಟ್ಟು ಹಿಡಿದು ಸಾಣೆಪುಡಿಯಾಗುತ್ತದೆ. ಮಶೀನನ್ನು ತೆಳು ಪ್ಲೈವುಡ್ ಬೆಂಚಿಗೆ ಬಿಗಿದಿದ್ದರೆ ಬೆಂಚೇ ತಮಟೆಯಾಗುತ್ತದೆ. ದಪ್ಪ ಹಲಗೆಯ ಮೇಲೆ ರಬ್ಬರ್ ಶೀಟ್ ಹಾಸಿ ಬೋಲ್ಟ್ ಮಾಡಿ.

ಇಷ್ಟಾದ ಮೇಲೆ ಮೋಟಾರು. ಇದರಲ್ಲೂ ಕಿವಿಯೇ ಮೊದಲ ಸಾಧನ. ಓಡುತ್ತಿರುವ ಮೋಟಾರಿನ ಸ್ವಿಚ್ ಆರಿಸಿ ಕೇಳಿ. ಕರೆಂಟು ಹೋದ ಕ್ಷಣವೇ ಸದ್ದು ನಿಂತರೆ ಅದು ವಿದ್ಯುತ್ತಿನ ಕಡೆಯದ್ದು: ಕೆಪಾಸಿಟರ್, ವೈಂಡಿಂಗ್ ಅಥವಾ ವೋಲ್ಟೇಜು. ತಿರುಗಿ ನಿಲ್ಲುವವರೆಗೂ ಸದ್ದು ಇದ್ದರೆ ಬೇರಿಂಗ್ ಇಲ್ಲವೇ ಫ್ಯಾನ್. ಫ್ಯಾನಿನ ರೆಕ್ಕೆ ಮುಚ್ಚಳಕ್ಕೆ ತಾಗುವುದು ಸಾಮಾನ್ಯ, ಸಾಗಣೆಯಲ್ಲಿ ಮುಚ್ಚಳ ನುಗ್ಗಾಗಿರುತ್ತದೆ. ಬೇರಿಂಗಾದರೆ ಚಕ್ಕನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿ. ಟಕಟಕ ಎಂದರೆ ಮೋಟಾರಿನೊಳಗಿನ ಅಲೆಯಾಕಾರದ ವಾಷರ್ ಹೋಗಿದೆ ಅಥವಾ ಹಾಕಿಯೇ ಇಲ್ಲ. ಮರಕ್ಕೆ ಒತ್ತುವ ಬಲವೆಲ್ಲ ಶಾಫ್ಟಿನ ಉದ್ದಕ್ಕೆ ಬೀಳುವ ಮಶೀನಿದು, ಹಾಗಾಗಿ ಈ ಸಣ್ಣ ವಾಷರಿಗೆ ಬೆಲೆ ಹೆಚ್ಚು.

ಬೇರಿಂಗಿನ ನಂಬರ್ ಅದರ ಅಂಚಿನ ಮೇಲೇ ಕೊರೆದಿರುತ್ತದೆ. ಈ ಗಾತ್ರದ ಮೋಟಾರುಗಳಲ್ಲಿ ಸಾಮಾನ್ಯವಾಗಿ 6202 ಅಥವಾ 6203. 6202 ಆದರೆ ಒಳಗೆ 15, ಹೊರಗೆ 35, ದಪ್ಪ 11 ಮಿ.ಮೀ. 6203 ಆದರೆ 17, 40, 12. ತಗಡಿನ ಮುಚ್ಚಳದ ಜಡ್‌ಜಡ್ ಬದಲು ರಬ್ಬರ್ ಮುಚ್ಚಳದ 2ಆರ್‌ಎಸ್ ಕೇಳಿ, ಹೊಟ್ಟು ಒಳಗೆ ಹೋಗುವುದು ಕಮ್ಮಿ. ಮೋಟಾರಿಗೆ ಸಿ3 ಸಡಿಲ (ಒಳಗಿನ ಗುಂಡುಗಳಿಗೆ ಮಾಮೂಲಿಗಿಂತ ತುಸು ಹೆಚ್ಚು ಜಾಗ) ಇರುವುದು ಒಳ್ಳೆಯದು. ಎನ್‌ಬಿಸಿ, ಎಸ್‌ಕೆಎಫ್ ಹೆಸರಿನಲ್ಲಿ ನಕಲಿ ಮಾಲು ಓಡಾಡುವುದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಹೊಸದನ್ನು ಶಾಫ್ಟಿಗೆ ಏರಿಸುವಾಗ ಒಳ ಬಳೆಯ ಮೇಲಷ್ಟೇ ಪೈಪಿನ ತುಂಡು ಇಟ್ಟು ತಟ್ಟಬೇಕು. ಹೊರ ಬಳೆಗೆ ಸುತ್ತಿಗೆ ಬಿದ್ದರೆ ಹೊಸ ಬೇರಿಂಗೂ ಮೊದಲ ದಿನವೇ ಗೊರಗುಟ್ಟುತ್ತದೆ.

ಮೋಟಾರಿನ ಕಾವನ್ನು ಕೈಯಿಂದ ಅಳೆದು ಹೆದರುವುದು ಬೇಡ. 60 ಡಿಗ್ರಿಗೇ ಕೈ ಇಡಲಾಗುವುದಿಲ್ಲ, ಆದರೆ ಮೋಟಾರಿನ ಹೊರಮೈ 70 ಡಿಗ್ರಿ ಆಗುವುದು ಕೆಟ್ಟದ್ದೇನಲ್ಲ. ನಾಮಫಲಕದಲ್ಲಿ ಇನ್ಸುಲೇಶನ್ ಕ್ಲಾಸ್ ಬಿ ಎಂದಿದ್ದರೆ ವೈಂಡಿಂಗ್ 130 ಡಿಗ್ರಿವರೆಗೆ, ಎಫ್ ಎಂದಿದ್ದರೆ 155ರವರೆಗೆ ತಾಳುತ್ತದೆ. ಆ ಲೆಕ್ಕ ಸುತ್ತಲಿನ ಗಾಳಿ 40 ಡಿಗ್ರಿ ಇದೆ ಎಂದು ಹಿಡಿದು ಮಾಡಿದ್ದು, ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಅದೂ ದಾಟಬಹುದು. ಅದೇ ಫಲಕದಲ್ಲಿ ಎಸ್1 ಎಂದಿದ್ದರೆ ದಿನವಿಡೀ ಓಡಿಸಬಹುದು. ಎಸ್2 ಎಂದು ಪಕ್ಕದಲ್ಲಿ 30 ನಿಮಿಷ ಬರೆದಿದ್ದರೆ ಅರ್ಧ ಗಂಟೆ ಓಡಿಸಿ ಪೂರ್ತಿ ತಣಿಯಲು ಬಿಡಬೇಕು. ಕೊಳ್ಳುವಾಗ ಬಣ್ಣ ನೋಡುವ ಬದಲು ಈ ಎರಡಕ್ಷರ ಓದಿ. ಸುಟ್ಟ ವಾಸನೆ ಬಂದರೆ ಮಾತ್ರ ತಕ್ಷಣ ನಿಲ್ಲಿಸಿ.

ಮೈಯ ಗೆರೆಗಳಲ್ಲಿ, ಫ್ಯಾನಿನ ಜಾಲರಿಯಲ್ಲಿ ಹೊಟ್ಟು ತುಂಬಿದ್ದರೆ ಬ್ರಷ್ಷಿನಿಂದ ತೆಗೆಯಿರಿ. ಅದಕ್ಕಿಂತ ಹೆಚ್ಚು ಮೋಟಾರುಗಳನ್ನು ಸುಡುವುದು ಒಂದು ಅಭ್ಯಾಸ: ಪ್ರತಿ ತೂತಿಗೂ ಸ್ವಿಚ್ ಹಾಕಿ ಆರಿಸುವುದು. ಸ್ಟಾರ್ಟ್ ಆಗುವಾಗ ಮೋಟಾರು ನಾಲ್ಕೈದು ಪಟ್ಟು ಕರೆಂಟು ಎಳೆಯುತ್ತದೆ. ಸ್ಟಾರ್ಟ್ ಕೆಪಾಸಿಟರುಗಳು ಸಾಮಾನ್ಯವಾಗಿ ಗಂಟೆಗೆ 20 ಸಲ, ಸಲಕ್ಕೆ 3 ಸೆಕೆಂಡಿನ ಲೆಕ್ಕದಲ್ಲಿ ಮಾಡಿದವು. ಗುರುತು ಹಾಕುವ ಕೆಲಸವೆಲ್ಲ ಮೊದಲೇ ಮುಗಿಸಿ, ಒಂದು ತುಂಡಿನ ತೂತುಗಳನ್ನು ಒಂದೇ ಓಟದಲ್ಲಿ ಹೊಡೆಯಿರಿ.

ಸ್ಟಾರ್ಟ್ ಆದಾಗ ಮೋಟಾರಿನೊಳಗೆ ಟಕ್ ಎಂಬ ಸದ್ದು, ಆರಿಸಿ ವೇಗ ಇಳಿಯುವಾಗ ಮತ್ತೊಂದು ಟಕ್ ಕೇಳಿಸಬೇಕು. ಅದು ಸೆಂಟ್ರಿಫ್ಯೂಗಲ್ ಸ್ವಿಚ್. ವೇಗ ಮುಕ್ಕಾಲು ಪಾಲು ಬಂದಾಗ ಸ್ಟಾರ್ಟ್ ವೈಂಡಿಂಗನ್ನು ಅದು ಕಡಿತ ಮಾಡುತ್ತದೆ. ಹೊಟ್ಟು ಸಿಕ್ಕಿಯೋ ಪಾಯಿಂಟು ಸುಟ್ಟು ಅಂಟಿಕೊಂಡೋ ಕಡಿತವಾಗದಿದ್ದರೆ ಮೋಟಾರು ಗುಂಯ್‌ಗುಟ್ಟುತ್ತಾ ಕೆಲವೇ ನಿಮಿಷದಲ್ಲಿ ಸುಡುವಷ್ಟು ಕಾಯುತ್ತದೆ. ಒಂದೇ ಕೆಪಾಸಿಟರ್ ಸದಾ ಸರ್ಕ್ಯೂಟಿನಲ್ಲಿರುವ ಮೋಟಾರಾದರೆ ಈ ಸ್ವಿಚ್ಚೇ ಇರುವುದಿಲ್ಲ, ಟಕ್ ಕೇಳಲಿಲ್ಲವೆಂದು ಬಿಚ್ಚಬೇಡಿ. ಕೆಪಾಸಿಟರನ್ನು ಪರೀಕ್ಷಿಸುವ ಮುಂಚೆ 60 ವ್ಯಾಟಿನ ಹಳೇ ಬಲ್ಬಿನ ಎರಡು ತಂತಿ ತಾಗಿಸಿ ಖಾಲಿ ಮಾಡಿ, ಆಮೇಲೆ ಮೀಟರಿನಲ್ಲಿ ಮೈಕ್ರೋಫ್ಯಾರಡ್ ನೋಡಿ. ರನ್ ಕೆಪಾಸಿಟರ್ (ಮೋಟಾರು ಓಡುವಾಗಲೂ ಸರ್ಕ್ಯೂಟಿನಲ್ಲಿರುವುದು) ಮೇಲೆ ಬರೆದ ಅಂಕಿಗಿಂತ ನೂರಕ್ಕೆ ಹತ್ತು ಇಳಿದಿದ್ದರೂ ಬದಲಿಸಿ. ಬೆಲೆ ಕಮ್ಮಿ, ಅದು ಉಳಿಸುವ ವೈಂಡಿಂಗಿನ ಬೆಲೆ ಹೆಚ್ಚು.

ಬೋರ್‌ವೆಲ್ ಮೋಟಾರುಗಳ ದೆಸೆಯಿಂದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ವೈಂಡಿಂಗ್ ಗೊತ್ತಿರುವ ಕೈಗಳಿಗೆ ಬರವಿಲ್ಲ. ಅವರ ಬಳಿ ಒಯ್ಯಬೇಕಾಗಿ ಬಂದರೆ ಸುತ್ತು ಹಾಕಿಕೊಡಿ ಎಂದಷ್ಟೇ ಹೇಳದೆ ಸೆಂಟ್ರಿಫ್ಯೂಗಲ್ ಸ್ವಿಚ್, ಎರಡೂ ಬೇರಿಂಗ್, ಅಲೆ ವಾಷರ್ ನೋಡಿಸಿ. ಮೂಲ ಕಾರಣ ಅಲ್ಲಿದ್ದರೆ ಹೊಸ ತಂತಿಯೂ ಸುಡುತ್ತದೆ.

ವೋಲ್ಟೇಜಿನ ಲೆಕ್ಕ ಮರೆಯುವಂತಿಲ್ಲ. ಇಂಡಕ್ಷನ್ ಮೋಟಾರಿನ ತಿರುಚು ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿನ ಮೋಟಾರಿಗೆ 200 ಸಿಕ್ಕರೆ ಬಲದಲ್ಲಿ ಕಾಲು ಭಾಗ ಹೋಯಿತು. ಶೆಡ್ಡಿನ ಸಾಲಿನಲ್ಲಿ ಸರಿಯಾದ ವೋಲ್ಟೇಜ್ ಇದ್ದೂ ಮಶೀನಿನ ಹತ್ತಿರ ಕಮ್ಮಿಯಾಗುವುದು ತೆಳು ಎಕ್ಸ್‌ಟೆನ್ಷನ್ ವೈರಿನಿಂದ. 30 ಮೀಟರ್ ಉದ್ದದ 1 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಹೋಗಿ ಬರುವ ದಾರಿಗೆ ಸುಮಾರು 1.1 ಓಮ್. ಸ್ಟಾರ್ಟಿಂಗಿನ 20 ಆಂಪಿಯರಿಗೆ 22 ವೋಲ್ಟ್ ಅಲ್ಲೇ ಕಳೆಯುತ್ತದೆ. 2.5 ಚದರ ಮಿ.ಮೀ. ಹಾಕಿದರೆ ಅದು 9 ವೋಲ್ಟಿಗೆ ಇಳಿಯುತ್ತದೆ. ಮಶೀನು ಓಡುತ್ತಿರುವಾಗ, ಮಶೀನಿನ ಹತ್ತಿರದ ಸಾಕೆಟ್ಟಿನಲ್ಲೇ ಅಳೆಯಿರಿ. ಅರ್ತ್ ತಂತಿ ಇರುವ ಮೂರು ಪಿನ್ ಪ್ಲಗ್ ಕಡ್ಡಾಯ.

ಬಿಡಿ ಗುಣ ದೋಷಗಳು: ಎರಕದ ಕಂಬ ಗಟ್ಟಿ, ಹಿಡಿಯ ಹಲ್ಲುಪಟ್ಟಿ ಬಾಳಿಕೆ ಬರುತ್ತದೆ, ಆಳ ನಿಲ್ಲಿಸುವ ಕಡ್ಡಿ ನಂಬಬಹುದು. ಮರವನ್ನು ಒತ್ತಿ ಹಿಡಿಯುವ ಕವಲು ಮಾತ್ರ ಬಲಹೀನ, ಚಿಸೆಲ್ ಎತ್ತುವಾಗ ಮರವೂ ಜೊತೆಗೆ ಏಳುತ್ತದೆ. ಬೇಲಿಗೆ ಒಂದು ಸಿ ಕ್ಲಾಂಪ್ ಹಾಕಿಕೊಳ್ಳಿ. ಗರಿಷ್ಠ ಮುಕ್ಕಾಲು ಇಂಚು ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಗಟ್ಟಿ ಮರದಲ್ಲಿ ಅರ್ಧ ಎಚ್‌ಪಿಗೆ ಅರ್ಧ ಇಂಚೇ ಮಿತಿ. ನಿಮಿಷಕ್ಕೆ 1400 ಸುತ್ತಿನ ಮೋಟಾರು, 2800 ಸುತ್ತಿನದು ಎರಡೂ ಸಿಗುತ್ತಿದ್ದರೆ ಚೌಕಟ್ಟಿನ ಕೆಲಸಕ್ಕೆ 1400ರದ್ದು ಕೊಳ್ಳಿ, ದೊಡ್ಡ ಬಿಟ್ ಕಮ್ಮಿ ಕಾಯುತ್ತದೆ. 2800ರದ್ದು ಕಾಲು ಇಂಚಿನ ಕಿಟಕಿ, ಕುರ್ಚಿ ಕೆಲಸಕ್ಕೆ ಚೆನ್ನ. ದಿನವೂ ಬೆಳಗಿನಿಂದ ಸಂಜೆವರೆಗೆ ವಾಸ್ಕಲ್ಲುಗಳನ್ನೇ ಮಾಡುವ ಶೆಡ್ಡಿಗೆ ಈ ಮಶೀನು ಸಾಲದು, ಅಲ್ಲಿ ಹಲ್ಲಿನ ಸರಪಳಿಯಿಂದ ತೂತು ತೆಗೆಯುವ ಚೈನ್ ಮಾರ್ಟಿಸರ್ ಬೇಕು. ಅದು ಇನ್ನೂ ಹೆಚ್ಚು ಸದ್ದು ಮಾಡುತ್ತದೆ, ತೂತಿನ ತಳ ದುಂಡಗೆ ಬರುತ್ತದೆ, ಆದರೆ ಐದು-ಮೂರರ ತುಂಡಿನಲ್ಲಿ ಅದರ ವೇಗಕ್ಕೆ ಇದು ಸಮ ಬರುವುದಿಲ್ಲ.